ಆಷಾಢಕ್ಕೊಂದು ಹೂ

ಅಕ್ಕೋರ ಮೂಗಿನ ತುದಿಗೆ ಸದಾ ಹಳದಿ ಪರಾಗ ಮೆತ್ತಿರುತ್ತಿತ್ತು. ದೃಷ್ಟಿ ಮಂದವಾಗಿದ್ದರಿಂದ ಹೂವಿನೊಳಗೆ ಮುಖವಿಟ್ಟೇ ನೋಡುತ್ತಿದ್ದರು. ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯವರು. ಓಣಿಗೆಲ್ಲ ಅವರು ಅಕ್ಕೋರೇ.

ನಾನು ಮದುವೆಯಾಗಿ ಬಂದ ವರ್ಷ ಹಿತ್ತಲಲ್ಲಿ ಸೌತೆಬಳ್ಳಿ ಹಬ್ಬಿಸಿದ್ದೆ. ಹೂವೇನೋ ಬಂದವು, ಕಾಯಿ ಮಾತ್ರ ಹೀಚಿನಲ್ಲೇ ಮುರುಟಿ ಉದುರುತ್ತಿದ್ದವು. ಔಷಧಿ ಹೊಡೆಯಲು ಹೊರಟೆ. ಅಕ್ಕೋರು ಗೋಡೆಯಾಚೆಯಿಂದಲೇ ತಡೆದು, ಇದು ರೋಗವಲ್ಲ, ಜೇನುಹುಳ ಬರುತ್ತಿಲ್ಲ ಎಂದರು.

"ಸೌತಿ ಹೂ ಬಿಟ್ಟಾಗಷ್ಟ ಬರ್ರಿ ಅಂದ್ರ ಅವು ಬರ್ತಾವೇನವಾ? ಹನ್ನೆರಡು ತಿಂಗಳಾ ಉಣ್ಣಾಕ ಇಟ್ಟವರ ಮನಿಗಿ ಬರ್ತಾವ."

ಒಳಗೆ ಕರೆದು, ಗೋಡೆಗೆ ಅಂಟಿಸಿದ್ದ ಹಾಳೆ ತೋರಿಸಿದರು. ಒಂದೊಂದು ತಿಂಗಳ ಮುಂದೆ ಹೂವಿನ ಹೆಸರು. ಚಳಿಗಾಲಕ್ಕೆ ಕುಸುಬೆ, ಕೀಳದೆ ಹೂವಿಗೆ ಬಿಟ್ಟ ಕೊತ್ತಂಬರಿ. ಆಮೇಲೆ ನುಗ್ಗೆ. ಬೇಸಿಗೆಗೆ ಬೇವು, ಹೊಂಗೆ. ಶ್ರಾವಣದಿಂದ ತುಂಬೆ, ಮುಂದೆ ಚೆಂಡು ಹೂವು. ಆಷಾಢದ ಮುಂದೆ ಏನೂ ಇರಲಿಲ್ಲ; ಆಗ ಉಣ್ಣಲು ಸಿಗದೆ ಹುಳ ಓಣಿ ಬಿಟ್ಟು ಹೋಗುತ್ತಿದ್ದವು. ಗಾಳಿ, ಜಿಟಿಜಿಟಿ ಮಳೆಯ ಆ ತಿಂಗಳಿಗಾಗಿ ಅವರು ವರ್ಷಗಟ್ಟಲೆ ಗಿಡ ಹುಡುಕಿದ್ದರು.

ಒಂದು ಆಷಾಢದಲ್ಲಿ ನಾವಿಬ್ಬರೂ ದೇಗಾಂವದ ಗುಡಿಗೆ ಹೋದೆವು. ಮಳೆ ಬಿಟ್ಟ ಗಳಿಗೆಯಲ್ಲಿ ಒಂದು ಮನೆಯ ಮದರಂಗಿ ಬೇಲಿಯಿಂದ ಗುಂಯ್ ಎಂಬ ಸದ್ದು ಕೇಳಿತು. ಅಕ್ಕೋರು ದರ್ಶನ ಮರೆತರು. ಬಾಗಿಲು ಬಡಿದು ನಾಲ್ಕು ಟೊಂಗೆ ಬೇಡಿದರು. ಆ ಮನೆಯಾಕೆ ಅವರ ಬೆಳ್ಳಗಾದ ತಲೆಯನ್ನೊಮ್ಮೆ ನೋಡಿ, ಯಾರದ್ದಾದರೂ ಮದುವೆ ಇದೆಯೇ ಎಂದು ಕೇಳಿದಳು.

"ಮದುವಿ ಇಲ್ಲವಾ, ಊಟ ಐತಿ," ಎಂದರು ಅಕ್ಕೋರು.

ಮೊದಲು ತಂದ ಟೊಂಗೆಗಳು ಒಣಗಿಹೋದವು. ಮತ್ತೆ ಹೋಗಿ ತಂದೆವು. ಮೂರನೆಯ ಆಷಾಢಕ್ಕೆ ಗಿಡ ಹೂ ಬಿಟ್ಟಿತು. ಅಕ್ಕೋರು ಹಾಳೆಯ ಮೇಲೆ ದಪ್ಪಗೆ ಮದರಂಗಿ ಎಂದು ಬರೆದು, ಓಣಿಗೆಲ್ಲ ಬೆಲ್ಲದ ಸಿಹಿ ಸಜ್ಜಕ ಮಾಡಿ ಹಂಚಿದರು. ಆ ವರ್ಷ ನನ್ನ ಸೌತೆ ಎಷ್ಟು ಕಾಯಿತೆಂದರೆ, ನಾನು ಬುಟ್ಟಿ ಹಿಡಿದು ಬರುವುದನ್ನು ಕಂಡರೆ ನೆರೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನರ್ಸರಿಗೆ ಹೋದರೆ ಹೂವಿನ ಬಣ್ಣಕ್ಕಿಂತ ಮೊದಲು ಅದರ ತಿಂಗಳು ಕೇಳುವ ಚಾಳಿ ನನಗೂ ಅಂಟಿತು.

ಹೋದ ಮಾಘದಲ್ಲಿ ಅಕ್ಕೋರು ಹಾಸಿಗೆ ಹಿಡಿದರು. ನೋಡಲು ಹೋದಾಗ, ಹೊರಗೆ ಏನೇನು ಅರಳಿದೆ ಎಂದು ಕೇಳಿದರು. ನುಗ್ಗೆ ತುಂಬ ಹೂವಾಗಿದೆ, ಕೊತ್ತಂಬರಿ ಇನ್ನೂ ಇದೆ ಎಂದೆ.

"ಹಂಗಾರ ಯಾರೂ ಉಪಾಸ ಇಲ್ಲ," ಎಂದು ನಕ್ಕು, ಗೋಡೆಯ ಕಡೆ ಹೊರಳಿ ಮಲಗಿದರು.

ಆ ವಾರವೇ ಅವರು ಹೋದರು. ಈಗ ಎರಡೂ ಹಿತ್ತಲಿಗೆ ನಾನೇ ನೀರು ಬಿಡುತ್ತೇನೆ.