ವಾಪಸ್ ಅಕ್ಕನ ಏಳು ನಿಮಿಷ

ಬೆಳಗಿನ ಐದೂ ನಲವತ್ತು. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬ ಹೆಂಗಸು ಫೋನು ಕಿವಿಗೊತ್ತಿಕೊಂಡು ನಿಂತಿದ್ದಾರೆ. ಹೆರಿಗೆ ವಾರ್ಡಿನಲ್ಲಿ ಯಾರೂ ಎತ್ತುತ್ತಿಲ್ಲ. ಐಸಿಯುನಲ್ಲೂ ಇಲ್ಲ. ಎದುರಿನ ಪರದೆಯಲ್ಲಿ ಒಂದು ಸಾಲು ಕೆಂಪಾಗಿದೆ. "ಏಳು ನಿಮಿಷ ಇದೆ," ಎನ್ನುತ್ತಾರೆ, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನಗಲ್ಲ, ಆ ಸಾಲಿಗೆ.

ನರ್ಸುಗಳ ಬಾಯಲ್ಲಿ ಇವರು 'ವಾಪಸ್ ಅಕ್ಕ'. ವಾರ್ಡು, ಐಸಿಯು, ಲ್ಯಾಬು, ಔಷಧ ವಿಭಾಗ, ಒಂದೊಂದಕ್ಕೂ ಒಂದೊಂದು ಸಾಫ್ಟ್‌ವೇರ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ. ಅವನ್ನು ಹೊಂದಿಸಿಕೊಂಡು ನಡೆಸುವುದು ಅಕ್ಕನ ಕೆಲಸ. ಒಂದು ಕಡೆ ಬರೆದದ್ದು ಎಲ್ಲ ಕಡೆಯೂ ಖಾಯಂ ಆದರೆ ಅದು ಕಮಿಟ್. ನಡುವೆ ಎಲ್ಲಾದರೂ ಕೈಕೊಟ್ಟರೆ ಎಲ್ಲ ಕಡೆಯಿಂದಲೂ ಅಳಿಸಿ ಮೊದಲಿನಂತೆ ಮಾಡುವುದು ರೋಲ್‌ಬ್ಯಾಕ್. ಪಾಳಿಯೊಂದಕ್ಕೆ ಹದಿನಾಲ್ಕು ಸಾವಿರ ದಾಖಲೆಗಳು ತಾವಾಗಿಯೇ ದಾಟುತ್ತವೆ. ಮೂರೋ ನಾಲ್ಕೋ ನಡುನೀರಿನಲ್ಲಿ ನಿಲ್ಲುತ್ತವೆ. ಅವಕ್ಕೆ ಹೌದು ಅಥವಾ ವಾಪಸ್ ಎನ್ನಬೇಕಾದವರು ಇವರು.

"ನಮ್ಮತ್ತೆ ಕೇಳ್ತಾರೆ, ಹೌದು, ಬೇಡ ಅನ್ನೋಕೆ ಅಷ್ಟು ದೂರ ಯಾಕೆ ಹೋಗ್ತೀಯಾ, ಮನೇಲೇ ಅಂದ್ಕೊಂಡಿರು ಅಂತ." ನಿನ್ನೆ ಇದನ್ನು ಹೇಳಿ ನಕ್ಕಿದ್ದರು. ಈಗ ಮುಖದಲ್ಲಿ ನಗುವಿಲ್ಲ.

ಸಿಕ್ಕಿಬಿದ್ದಿರುವುದು ನಿನ್ನೆ ಹುಟ್ಟಿದ ಹೆಣ್ಣುಮಗುವಿನ ದಾಖಲೆ. ಮಗುವನ್ನು ಹೆರಿಗೆ ವಾರ್ಡಿನಿಂದ ಪಕ್ಕದ ಐಸಿಯುಗೆ ತಂದು ದಾಖಲೆ ಬರೆದ ನರ್ಸ್ ಇನ್ನೊಂದು ಹೆರಿಗೆಗೆ ಓಡಿದ್ದಾರೆ. ಮಗುವಿನ ವರ್ಗಾವಣೆಯೂ 'ಇಂಜೆಕ್ಷನ್ ಕೊಟ್ಟಿದೆ' ಎಂಬ ನಮೂದೂ ಒಂದೇ ಕಂತೆಯಾಗಿ ಹೊರಟು, ನೆಟ್‌ವರ್ಕ್ ತಡವರಿಸಿ, ಅರ್ಧದಾರಿಯಲ್ಲಿ ನಿಂತಿವೆ. ಹತ್ತು ನಿಮಿಷ ಯಾರೂ ತೀರ್ಮಾನ ಹೇಳದಿದ್ದರೆ ಸಾಫ್ಟ್‌ವೇರ್ ತಾನೇ ರೋಲ್‌ಬ್ಯಾಕ್ ಮಾಡುತ್ತದೆ. ಆಗ ಐಸಿಯು ಪರದೆಯಲ್ಲಿ 'ಕೊಡಬೇಕು' ಎಂದು ಬರುತ್ತದೆ. ಎರಡನೇ ಸಲ ಕೊಟ್ಟರೆ ಅಷ್ಟು ಪುಟ್ಟ ಮೂತ್ರಪಿಂಡಕ್ಕೆ ಪೆಟ್ಟು.

"ಹಾಗಾದರೆ ಕಮಿಟ್ ಒತ್ತಿಬಿಡಬಹುದಲ್ಲ?" ಎಂದು ನನ್ನ ಜಾಣತನ.

"ಮೊದಲು ಬರೆದು ಆಮೇಲೆ ಕೊಡೋರೂ ಇದ್ದಾರೆ ಸಾರ್. ಕೊಟ್ಟಿಲ್ಲ ಅಂದ್ರೆ? ಮಗುಗೆ ಔಷಧೀನೇ ತಪ್ಪಿಹೋಗುತ್ತೆ."

ಆರು ವರ್ಷದ ಹಿಂದೆ ಅಕ್ಕ ಪರದೆಯನ್ನು ನಂಬಿ ವಾಪಸ್ ಒತ್ತಿದ್ದರು. ಒಬ್ಬ ಅಜ್ಜನಿಗೆ ಬಿ.ಪಿ. ಮಾತ್ರೆ ಎರಡು ಸಲ ಹೋಯಿತು. ಅಜ್ಜ ಒಂದು ದಿನ ತಲೆಸುತ್ತಿ ಮಲಗಿ ಎದ್ದರು. ಇವರಿಗೆ ಎರಡು ದಿನ ಅನ್ನ ಸೇರಲಿಲ್ಲ. "ಕಂಪ್ಯೂಟರಲ್ಲಿರೋದು ವಾಪಸ್ ಬರುತ್ತೆ. ನುಂಗಿದ್ದು ಬರುತ್ತಾ?" ಅಂದಿನಿಂದ, ಕೊಟ್ಟವರ ಬಾಯಿಂದಲೇ ಕೇಳದೆ ಇವರು ಗುಂಡಿ ಒತ್ತುವುದಿಲ್ಲ.

ಫೋನು ಇಟ್ಟು ಓಡುತ್ತಾರೆ. ಲಿಫ್ಟು ಐದನೇ ಮಹಡಿಯಲ್ಲಿದೆ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಕಳಚುತ್ತಾರೆ. ಪೆನ್ನು ಹಿಡಿದು ಹಿಂದೆ ಓಡಿದ ನನಗೆ ಒಂದನೇ ಮಹಡಿಗೇ ಏದುಸಿರು, ಜೊತೆಗೆ ನಾಚಿಕೆಯಿಲ್ಲದೆ ಹೇಳುತ್ತೇನೆ, ಭಯ.

ಹೆರಿಗೆ ಕೋಣೆಯ ಬಾಗಿಲು ಅರ್ಧ ತೆರೆಯುತ್ತದೆ. "ಸಿಸ್ಟರ್, ಐಸಿಯುಗೆ ಹೋದ ಮಗುಗೆ ಇಂಜೆಕ್ಷನ್ ಕೊಟ್ರಾ, ಬರೀ ಬರೆದಿಟ್ರಾ?"

"ಕೊಟ್ಟೇ ಬರೆದಿದ್ದು ಅಕ್ಕಾ! ಐದೂ ಇಪ್ಪತ್ತಕ್ಕೆ, ನನ್ನ ಕೈಯಾರೆ!"

ವಾರ್ಡಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕುತ್ತಾರೆ. ತಪ್ಪು. ಒಂದು ನಿಮಿಷವೂ ಉಳಿದಿಲ್ಲ. ಮತ್ತೆ ಹಾಕುತ್ತಾರೆ. ಕಮಿಟ್. ಕೆಂಪು ಸಾಲು ಹಸಿರಾಗುತ್ತದೆ.

ಪಕ್ಕದ ಐಸಿಯು ಗಾಜಿನಾಚೆ, ತುಂಬಿದ ಸಿರಿಂಜು ಹಿಡಿದು ಪರದೆಯನ್ನೇ ನೋಡುತ್ತಿದ್ದ ನರ್ಸ್, 'ಕೊಟ್ಟಿದೆ' ಎಂದು ಮೂಡಿದೊಡನೆ ಅದನ್ನು ತಟ್ಟೆಗೆ ಹಾಕಿ ಬೇರೆ ತೊಟ್ಟಿಲ ಕಡೆ ತಿರುಗುತ್ತಾರೆ. ಅವರು ನಮ್ಮತ್ತ ನೋಡುವುದೂ ಇಲ್ಲ.

ಹೊರಗೆ ಬೆಂಚಿನ ಮೇಲೆ ಮಗುವಿನ ಅಜ್ಜಿ ಕೂತಿದ್ದಾರೆ. ಬರಿಗಾಲಿನ ಅಕ್ಕನನ್ನು ಕಂಡು ಅವರ ಮುಖ ಬಿಳಿಚಿಕೊಂಡಿದೆ. "ಯಾಕಮ್ಮಾ ಹಾಗೆ ಓಡಿಬಂದೆ? ಒಳಗೆ ಏನಾಯ್ತು?"

"ಏನೂ ಆಗ್ಲಿಲ್ಲ ಅಜ್ಜಿ."

ಅಜ್ಜಿ ನಿಟ್ಟುಸಿರು ಬಿಟ್ಟು ಗೋಡೆಗೆ ಒರಗುತ್ತಾರೆ. ಮೆಟ್ಟಿಲಿಳಿಯುತ್ತಾ ಅಕ್ಕ ಸೆರಗಿನಿಂದ ಬೆವರು ಒರೆಸಿಕೊಂಡು ನನ್ನತ್ತ ತಿರುಗುತ್ತಾರೆ. "ದಿನಾ 'ಏನೂ ಆಗ್ಲಿಲ್ಲ' ಅಂತ ಹೇಳೋಕಾದ್ರೆ ಸಾಕು ಸಾರ್ ನನಗೆ."