ಬದುವಿನಾಚೆಯ ಬೆಂಕಿ

ನನ್ನ ಮಗ ಒಮ್ಮೆ ಯಾವುದೋ ದೇಶದ ಕಾಡು ಉರಿಯುವುದನ್ನು ಫೋನಿನಲ್ಲಿ ನೋಡಿ ಊಟ ಅರ್ಧಕ್ಕೇ ಬಿಟ್ಟು ಎದ್ದ. ನಾಟಕವಲ್ಲ, ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು. "ಯವ್ವಾ, ಭೂಮಿ ಅಂದ್ರ ಎಲ್ಲಾರದೂ ಒಂದ ಮನಿ. ಅಲ್ಲಿ ಹೊಗಿ ಎದ್ರ ಇಲ್ಲಿ ನಮಗೂ ಉಸರು ಕಟ್ಟತೈತಿ" ಅಂದ. ಅವನು ಬಿಟ್ಟ ರೊಟ್ಟಿಯನ್ನು ಎಮ್ಮೆಗೆ ಹಾಕಿದೆ.

ನಮ್ಮ ಹೊಲ ಮಹಾಲಿಂಗಪುರದ ಹತ್ತಿರ. ಕಬ್ಬು ಕಡಿದ ಮೇಲೆ ಒಣಗಿದ ಗರಿ ನೆಲದ ತುಂಬ ಉಳಿಯುತ್ತದೆ. ಅದಕ್ಕೆ ರವದಿ ಅನ್ನುತ್ತೇವೆ. ಬೆಂಕಿ ಹಚ್ಚಿದರೆ ಬೇಗ ಮುಗಿಯಿತು. ಇಲ್ಲದಿದ್ದರೆ ಬಗ್ಗಿ, ಸಾಲು ಬಿಟ್ಟು ಸಾಲಿಗೆ ಎಳೆದು ಹಾಕಿ, ನೀರಿಗೆ ದಾರಿ ಮಾಡಬೇಕು. ತೋಟದ ಮನೆಯಲ್ಲಿ ನಮ್ಮ ಜೊತೆ ನನ್ನ ತಂಗಿ ಇದ್ದಳು. ಅವಳಿಗೆ ದಮ್ಮು. ಹೋದ ವರ್ಷ ರವದಿಯ ಹೊಗೆಗೆ ತುಟಿ ನೀಲಿಯಾಗಿ ಜಮಖಂಡಿಯ ದವಾಖಾನೆ ಸೇರಿದಳು. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನ ಮುಖಕ್ಕೇ ಹೇಳಿದರು.

ಆಮೇಲೆ ಮುಧೋಳದಲ್ಲಿ ರವದಿ ಸುಡುವುದನ್ನು ನಿಲ್ಲಿಸಲು ರೈತರ ಸಭೆ ಆಯಿತು. ನಮ್ಮ ಕಡೆಯ ಗಂಡಸರೆಲ್ಲ ಹೋಗಿ, ಕೈ ಮುಂದೆ ಚಾಚಿ, ರವದಿಗೆ ಕಡ್ಡಿ ಗೀರುವುದಿಲ್ಲ ಎಂದು ಆಣೆ ಮಾಡಿ ಬಂದರು. ನಾನು ನಂಬಿದೆ.

ಈ ಸಲ ಕಬ್ಬು ಕಡಿದು ಫ್ಯಾಕ್ಟರಿಗೆ ಹೋಯಿತು. ಒಬ್ಬನೂ ಕಡ್ಡಿ ಗೀರಲಿಲ್ಲ. ಒಬ್ಬನೂ ರವದಿ ಎಳೆಯಲೂ ಇಲ್ಲ. ಮಗ ಬದುವಿನ ಮೇಲೆ ಸುಮ್ಮನೆ ಕೂತಿದ್ದ.

"ಏನ್ ಕಾಯಾಕತ್ತೀಯೋ?" ಅಂದೆ.

"ಬಾಜೂ ಹೊಲಕ್ಕ ಬೆಂಕಿ ಬೀಳಲಿ, ಬೇ. ಗಾಳಿ ಈ ಕಡಿ ಐತಿ, ತಾನ ದಾಟಿ ಬರತೈತಿ. ನಾ ಹಚ್ಚಿದಂಗ ಆಗೂದಿಲ್ಲ."

"ಬಾಜೂದಾಂವ ಏನ್ ಮಾಡಾಕತ್ತಾನ?"

"ಅಂವಾ ತನ್ನ ಆಚೀಕಿನ ಹೊಲಾ ನೋಡಾಕತ್ತಾನ."

"ನಿಮ್ಮ ಚಿಗವ್ವಂದು ನೆನಪೈತೋ ಇಲ್ಲೋ?"

"ನಾ ಎಲ್ಲಿ ಹಚ್ಚಾಕತ್ತೇನಿ?"

ಮೈಯೆಲ್ಲ ಉರಿಯಿತು. ಆಣೆ ಮುರಿಯುವ ಎದೆಗಾರಿಕೆ ಇಲ್ಲ, ನಡೆಸುವ ಮನಸ್ಸೂ ಇಲ್ಲ. ದೂರದ ಕಾಡಿಗೆ ಕೂತಲ್ಲೇ ಅಳಬಹುದು. ರವದಿ ಎಳೆಯಲು ಸೊಂಟ ಬಗ್ಗಬೇಕು.

ತಂಗಿಯನ್ನು ಎಬ್ಬಿಸಿ, ಅವಳು ಮಲಗುವ ಹೊರಸನ್ನು ಎಳೆದುಕೊಂಡು ಹೊಲದ ಕಡೆ ನಡೆದೆ.

"ಎಲ್ಲಿಗಿ ಒಯ್ಯಾಕತ್ತೀ ಅಕ್ಕಾ? ಸುಡಗಾಡಿಗೇನು?" ಅಂದಳು.

"ಅಲ್ಲಿಗಿ ಇವರು ಕಳಸ್ತಾರ. ನಾ ಬರೇ ಹೊಲಕ್ಕ ಒಯ್ಯಾಕತ್ತೇನಿ."

ರವದಿಯ ನಡುವೆ ಹೊರಸು ಹಾಕಿ ಇಬ್ಬರೂ ಕೂತೆವು. ಮಗ ಓಡಿ ಬಂದ.

"ತಲಿ ಕೆಟ್ಟೈತೇನ್ ನಿನಗ? ಮಂದಿ ನೋಡಾಕತ್ತಾರ!"

"ನೋಡ್ಲಿ. ಬೆಂಕಿ ದಾಟೂದಿದ್ರ ಈ ಹೊರಸಿನ ಮ್ಯಾಲೆ ದಾಟಲಿ. ಆಮ್ಯಾಲ ಕೇಳತೇನಿ, ಯಾರ ಹಚ್ಚಿದ್ರು ಅಂತ."

ಬದುವಿನಾಚೆಯಿಂದ ಬಾಜು ಹೊಲದವನು ಕೂಗಿದ: "ನಾ ಹಚ್ಚಂಗಿಲ್ಲರೀ, ದೊಡ್ಡವ್ವಾ!"

"ಹಚ್ಚಂಗಿಲ್ಲ ಖರೆ. ಎಳಿಯಾಂವ ಯಾವಾಗ?"

ಅವನು ಏನೋ ಕೆಲಸ ನೆನಪಾದವನಂತೆ ಹೊರಟುಹೋದ. ಮಗ ತಲೆಗೆ ಟವೆಲ್ ಸುತ್ತಿಕೊಂಡು, ನನ್ನನ್ನು ಬೈಯುತ್ತ ಬಗ್ಗಿದ. ಬೈಯಲಿ. ನಾನೂ ಬಗ್ಗಿದೆ.

ನಮ್ಮ ಹೊಲವೇನೋ ಆಯಿತು. ಸುತ್ತಲಿನ ಹೊಲಗಳಲ್ಲಿ ಹೊರಸು ಹಾಕಲು ನನ್ನ ಹತ್ತಿರ ಅಷ್ಟು ತಂಗಿಯರಿಲ್ಲ. ಅವಳನ್ನು ಬನಹಟ್ಟಿಗೆ, ನನ್ನ ಮಗಳ ಮನೆಗೆ ಕಳಿಸಿದೆ. ಅಲ್ಲಿ ಮಗ್ಗದ ಸದ್ದಿಗೆ ನಿದ್ದೆ ಬರುವುದಿಲ್ಲವಂತೆ. ಮೊನ್ನೆ ಫೋನಿನಲ್ಲಿ ಕೇಳಿದಳು, "ಮನಿಗಿ ಯಾವಾಗ ಬರ್ಲಿ ಅಕ್ಕಾ?"

ಬಾಗಿಲಿಗೆ ಬಂದು ನೋಡಿದೆ. ಬದುವಿನಾಚೆ ರವದಿ ಹಾಗೆಯೇ ಬಿದ್ದಿತ್ತು.

"ಬರಬ್ಯಾಡ" ಅಂದೆ.