ಪರದೆಯ ಮೇಲೊಂದು ಕೌದಿ

ನನಗೊಂದು ಕೆಟ್ಟ ಚಾಳಿ ಇದೆ. ವಿಡಿಯೋ ಕರೆಯಲ್ಲಿ ಯಾರಾದರೂ ಏನನ್ನಾದರೂ ಎತ್ತಿ ತೋರಿಸಿದರೆ ನಾನು ಅದನ್ನು ನೋಡುವುದಿಲ್ಲ, ಅವರ ಬೆನ್ನ ಹಿಂದಿನದನ್ನು ನೋಡುತ್ತೇನೆ. ಗೋಡೆಯ ಬಣ್ಣ, ತೂಗುಹಾಕಿದ ಟವೆಲು, ಅರ್ಧ ತೆರೆದ ಕಪಾಟು. ಮನುಷ್ಯರು ತೋರಿಸಬೇಕೆಂದಿದ್ದನ್ನು ಚೆನ್ನಾಗಿ ಜೋಡಿಸಿಕೊಂಡಿರುತ್ತಾರೆ; ಹಿಂದಿನದು ಮಾತ್ರ ಇದ್ದಂತೆ ಇರುತ್ತದೆ. ಹಾಗಾಗಿ ನಮ್ಮ ಆನ್‌ಲೈನ್ ಕೌದಿ ಕೂಟದಲ್ಲಿ ಯಾರ ಕೌದಿ ಎಲ್ಲಿಗೆ ಬಂತು ಎಂದು ನನ್ನನ್ನು ಕೇಳಬೇಡಿ. ಯಾರ ಮನೆಯ ಸಿಂಕಿನಲ್ಲಿ ನಿನ್ನೆಯ ಪಾತ್ರೆ ಬಿದ್ದಿವೆ ಎಂದು ಕೇಳಿ, ಹೇಳುತ್ತೇನೆ.

ಕೂಟ ನಡೆಸುವವರು ಕಲಬುರಗಿಯ ವಿಜಯಾ ಮೇಡಂ. ತಿಂಗಳಿಗೊಂದು ಶನಿವಾರ, ಭಾನುವಾರ ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಕೂತು, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ಒಟ್ಟಿಗೆ ಕೌದಿ ಹೊಲಿಯುತ್ತೇವೆ. ನಡುನಡುವೆ ಒಬ್ಬೊಬ್ಬರೂ ಹೊಲಿದಷ್ಟನ್ನು ಕ್ಯಾಮೆರಾಕ್ಕೆ ಹಿಡಿಯಬೇಕು. ಇದಕ್ಕೆ ಪ್ರೋಗ್ರೆಸ್ ಎಂದು ಹೆಸರು. ಹಿಡಿದದ್ದು ಗೇಣುದ್ದವಿರಲಿ, ಮಾರುದ್ದವಿರಲಿ, ಪರದೆಯ ಮೇಲೆ ಹೃದಯಗಳು ಹಾರುತ್ತವೆ. "ನಾವೆಲ್ಲ ಚೌಕ ಚೌಕದಾಗ ಕೂತೀವಿ ನೋಡ್ರಿ, ನಾವೇ ಒಂದು ಕೌದಿ ಆಗೀವಿ" ಎಂದು ಮೇಡಂ ಪ್ರತಿ ತಿಂಗಳೂ ಹೇಳುತ್ತಾರೆ. ನಾವೂ ಪ್ರತಿ ತಿಂಗಳೂ ಮೊದಲ ಸಲ ಕೇಳಿದವರಂತೆ ನಗುತ್ತೇವೆ.

ಕೋಟೆಯ ಬಳಿ ಇರುವ ನಸ್ರೀನ್ ಆಪಾ ಮಾತ್ರ ನಗುವುದಿಲ್ಲ. ಅವರ ಮನೆಯಲ್ಲಿ ಕೌದಿಗೆ ಗುದಡಿ ಎನ್ನುತ್ತಾರೆ. ಹೊದ್ದರೆ ಎರಡೂ ಅಷ್ಟೇ ಬೆಚ್ಚಗೆ. ಒಮ್ಮೆ ಅವರು ನನಗೊಬ್ಬಳಿಗೇ ಫೋನು ಮಾಡಿ, "ನಮ್ಮ ಅಮ್ಮಿ ಇದ್ದಿದ್ರ ಇಂಥಾ ಹೊಲಿಗಿಗೆ ಕೈ ಮ್ಯಾಲ ಒಂದು ಏಟು ಹಾಕ್ತಿದ್ರು. ಇಲ್ಲಿ ಯಾರು ಏನ್ ತೋರ್ಸಿದ್ರೂ ಬಹುತ್ ಅಚ್ಛಾ, ಬಹುತ್ ಅಚ್ಛಾ. ಹಿಂಗಾದ್ರ ಯಾರು ಕಲೀತಾರ ಬಾಯೀ?" ಎಂದರು. ಮರುದಿನ ನಾನು ತೋರಿಸಿದಾಗ ಅವರೇ ಎಲ್ಲರಿಗಿಂತ ಮೊದಲು ಬಹುತ್ ಅಚ್ಛಾ ಎಂದರು. ಕೂಟದ ಗಾಳಿಯೇ ಅಂಥದ್ದು.

ಕೌದಿ ಎಂದರೆ ಏನು ಎಂದು ನಿಮಗೆ ಹೇಳಬೇಕಿಲ್ಲ. ಮನೆಯ ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ, ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ದಾರ ಓಡಿಸುತ್ತ ಬರುವುದು. ಸಂಸ್ಕೃತದವರು ಇಂಥದ್ದನ್ನು ಕಂಥೆ ಎಂದು ಕರೆದು ಸನ್ಯಾಸಿಗಳ ಹೆಗಲಿಗೆ ಹಾಕಿದರು. ಎಲ್ಲವನ್ನೂ ಬಿಟ್ಟವನು ಚಿಂದಿ ಹೊದೆಯುತ್ತಾನೆ ಎಂಬುದು ಅದರ ಅರ್ಥ. ನಮ್ಮ ಕಡೆಯ ಹೆಂಗಸರದು ಅದಕ್ಕೆ ತಿರುಗುಮುರುಗಾದ ವೇದಾಂತ. ಏನನ್ನೂ ಬಿಡಲಾಗದವಳು ಕೌದಿ ಹೊಲಿಯುತ್ತಾಳೆ.

ಈಗಿನ ತೊಂದರೆ ಎಂದರೆ ಮನೆಗಳಲ್ಲಿ ಹಳೆಯ ಬಟ್ಟೆ ಇಲ್ಲ. ಹಾಕಿ ಬೇಸತ್ತ ಬಟ್ಟೆ ಇದೆ, ಹಳೆಯದಿಲ್ಲ. ಹಾಗಾಗಿ ಕೂಟದ ಹೆಚ್ಚಿನವರು ಅಂಗಡಿಯಿಂದ ಹೊಸ ಬಟ್ಟೆ ಮೀಟರುಗಟ್ಟಲೆ ತಂದು, ಚಹದ ಕಷಾಯದಲ್ಲಿ ಅದ್ದಿ, ಬಿಸಿಲಿಗೆ ಬಾಡಿಸಿ, ಹಳೆಯದು ಮಾಡುತ್ತಾರೆ. ಒಬ್ಬರಂತೂ ಹೊಸ ಬಟ್ಟೆಯನ್ನು ಬೇಕೆಂದೇ ಹರಿದು ತೇಪೆ ಹಚ್ಚಿದ್ದರು. ಬಡತನವನ್ನು ಇಷ್ಟು ಖರ್ಚು ಮಾಡಿ ತಂದುಕೊಂಡ ಕಾಲ ಹಿಂದೆ ಇತ್ತೋ ಇಲ್ಲವೋ.

ಇದು ಮೇಡಂ ಅವರ ಗಮನಕ್ಕೂ ಬಂದಿರಬೇಕು. ಹೋದ ಚಳಿಗಾಲದ ಒಂದು ಶನಿವಾರ ಅವರು ಘೋಷಿಸಿದರು: "ನಾಳೆ ಹಳೇ ಅರಿವಿ ಹಬ್ಬ. ಮನ್ಯಾಗಿನ ಎಲ್ಲಕ್ಕಿಂತ ಹಳೇ ಅರಿವಿ ತಂದು, ಅದರ ಕಥಿ ಹೇಳಿ, ಎಲ್ಲರ ಮುಂದ ಕತ್ತರಿ ಹಾಕ್ಬೇಕು."

ಭಾನುವಾರ ಬೆಳಗಿನಿಂದಲೇ ವಯಸ್ಸಿನ ಪೈಪೋಟಿ ಶುರುವಾಯಿತು. ಒಬ್ಬರು ತಾಯಿಯ ಕುಪ್ಪಸ ತಂದರೆ ಇನ್ನೊಬ್ಬರು ಅಜ್ಜಿಯದು ತಂದರು. ಮೂರನೆಯವರು ಮುತ್ತಜ್ಜ ತಲೆಗೆ ಸುತ್ತುತ್ತಿದ್ದ ಪಟಗಾ ತಂದರು. ಮುತ್ತಜ್ಜನ ಪಟಗಾದ ಅಂಚಿಗೆ ಮಿಲ್ಲಿನ ಚೀಟಿ ಅಂಟಿಕೊಂಡಿತ್ತು. ಅದಕ್ಕೂ ಹೃದಯಗಳು ಹಾರಿದವು. ಅಷ್ಟರಲ್ಲಿ ಯಾರದೋ ಮನೆಯ ಕುಕ್ಕರು ಕೂಗಿತು. ಕಥೆಗೆ ಭಂಗ ಬಂತೆಂದು ಮೇಡಂ ಎಲ್ಲರ ಧ್ವನಿಯನ್ನೂ ಬಂದ್ ಮಾಡಿ, ಸರದಿ ಬಂದವರದಷ್ಟೇ ತೆರೆಯತೊಡಗಿದರು.

ಸರದಿ ಕಮಲಾಪುರಕ್ಕೆ ಬಂತು. ಕಮಲಾಪುರದಲ್ಲಿರುವುದು ನನ್ನ ತಮ್ಮನ ಹೆಂಡತಿ ಸುವರ್ಣಾ. ಅವ್ವ ಇರುವುದೂ ಅವರ ಜೊತೆಗೇ. ಕೂಟಕ್ಕೆ ಆಕೆಯನ್ನು ಸೇರಿಸಿದವಳು ನಾನೇ. ಸುವರ್ಣಾ ನಕ್ಕಳು. ನಾನು ಎಂದಿನಂತೆ ಆಕೆಯ ಬೆನ್ನ ಹಿಂದೆ ನೋಡಿದೆ. ಅವ್ವನ ಕಬ್ಬಿಣದ ಟ್ರಂಕಿನ ಮುಚ್ಚಳ ತೆರೆದಿತ್ತು.

ಇಲ್ಲಿ ನಿಂತು ಒಂದು ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಹೆಣ್ಣುಮಗಳು ತೀರಿಕೊಂಡರೆ ಕೊನೆಯ ಸೀರೆ ತವರಿನಿಂದ ಬರಬೇಕು. ಅವ್ವನ ತವರು ಎಂದರೆ ಒಬ್ಬನೇ ಅಣ್ಣ. ಆ ಮಾವ ಬಲು ಲೆಕ್ಕದ ಮನುಷ್ಯ. "ನಾನೇ ಮೊದಲು ಹೋದ್ರ ನಿನಗ ಯಾರು ತರ್ತಾರ?" ಎಂದು ಒಂದು ಹಬ್ಬಕ್ಕೆ ಬಂದಾಗ ಹಸಿರು ಇಳಕಲ್ ಸೀರೆ ತಂದು ತಂಗಿಯ ಕೈಯಲ್ಲಿಟ್ಟು, ಹೋಳಿಗೆ ಉಂಡು ಹೋದ. ಅವನ ಲೆಕ್ಕ ತಪ್ಪಲಿಲ್ಲ. ಅವನೇ ಮೊದಲು ಹೋದ. ಅವ್ವ ಆ ಸೀರೆಯ ಮಡಿಕೆ ಬಿಚ್ಚಲಿಲ್ಲ. ಎಲ್ಲಿದೆ, ಯಾಕಿದೆ ಎಂದು ನನಗೊಬ್ಬಳಿಗೇ ಹೇಳಿದ್ದಳು. ಸೊಸೆಗೆ ಯಾಕೆ ಹೇಳಿಲ್ಲ ಎಂದು ಕೇಳಿದರೆ, "ಹೇಳಿದ್ರ ಯಾವಾಗ ಉಡಸೋದು ಅಂತ ದಾರಿ ನೋಡ್ತಾಳ" ಎಂದಳು.

ಸುವರ್ಣಾ ಕ್ಯಾಮೆರಾಕ್ಕೆ ಹಿಡಿದದ್ದು ಅದೇ ಸೀರೆ. "ಇದು ನಮ್ಮ ಅತ್ತಿಯವರು ಲಗ್ನದಾಗ ಉಟ್ಟಿದ್ದರಿ. ಪ್ರೀತಿಲೆ ನನಗ ಕೊಟ್ಟಾರ" ಎಂದಳು. ಎರಡೂ ಸುಳ್ಳು. ಕೂಟದಲ್ಲಿ ಇಂಥವನ್ನು ಸುಳ್ಳು ಎನ್ನುವುದಿಲ್ಲ, ಕಥೆ ಎನ್ನುತ್ತಾರೆ.

ನಾನು ಕೂಗಿದೆ. ಧ್ವನಿ ಬಂದ್ ಆಗಿತ್ತು. ಕಲಬುರಗಿಯ ಗಾಜಿಪುರದ ನಮ್ಮ ಓಣಿಯೆಲ್ಲ ಕೇಳಿಸಿಕೊಂಡಿತು, ಕಮಲಾಪುರಕ್ಕೆ ಕೇಳಲಿಲ್ಲ. ಎದ್ದು ನಿಂತು ಎರಡೂ ಕೈ ಬೀಸಿದೆ. ಮೇಡಂ ಸಂತೋಷದಿಂದ, "ನೋಡ್ರಿ ಸುವರ್ಣಾ, ನಿಮ್ಮ ನಾದಿನಿ ಎಷ್ಟ್ ಖುಷಿ ಆಗ್ಯಾರ!" ಎಂದರು. ಪರದೆಯ ತುಂಬ ಹೆಂಗಸರು ನನಗೆ ಕೈ ಬೀಸಿದರು. ಮನೆಯ ಇನ್ನೊಂದು ಫೋನಿನಿಂದ ಸುವರ್ಣಾಳಿಗೆ ಕರೆ ಮಾಡಿದೆ. ಆಕೆಯ ಚಿತ್ರ ಒಂದು ಗಳಿಗೆ ಕಲ್ಲಾಯಿತು. ನಂತರ ಆಕೆಯ ಬೆರಳು ಪರದೆಗೆ ಬಂದು ನನ್ನ ಕರೆಯನ್ನು ಕತ್ತರಿಸಿತು. ಅದರ ಹಿಂದೆಯೇ ಕತ್ತರಿ ಸೆರಗಿಗೆ ಬಂತು. ಬಟ್ಟೆ ಹೊಸದು, ಗಂಜಿ ಇನ್ನೂ ಬಿಟ್ಟಿರಲಿಲ್ಲ. ಕರಕರ ಎಂಬ ಸದ್ದು ಸ್ವಚ್ಛವಾಗಿ ಕೇಳಿತು. ನೆಟ್ವರ್ಕು ಅಷ್ಟು ಚೆನ್ನಾಗಿ ಇದ್ದದ್ದು ಅದೊಂದು ದಿನ. ಚಪ್ಪಾಳೆಯ ಚಿತ್ರಗಳು ಮೇಲೆ ಹಾರುತ್ತಿದ್ದವು. ನಾನು ಕೂತುಬಿಟ್ಟೆ. ಎದುರಿಗೇ ನಡೆಯುತ್ತಿರುವುದನ್ನು ನೋಡಬಹುದು, ಮುಟ್ಟಲಾಗುವುದಿಲ್ಲ ಎಂಬುದು ಎಂಥ ಸ್ಥಿತಿ ಎಂದು ಆ ಹೊತ್ತಿಗೆ ನನ್ನ ಕೈಗಳಿಗೆ ಗೊತ್ತಾಯಿತು.

ಮಧ್ಯಾಹ್ನದ ಬಸ್ಸು ಹಿಡಿದೆ. ಮಹಾಗಾಂವ ದಾಟುವವರೆಗೂ ಅವ್ವನಿಗೆ ಏನು ಹೇಳಬೇಕು ಎಂದು ಯೋಚಿಸಿದೆ. ದಾಟಿದ ಮೇಲೆ ಸುವರ್ಣಾಳಿಗೆ ಏನು ಹೇಳಬೇಕು ಎಂದು ಯೋಚಿಸಿದೆ. ಎರಡನೆಯದಕ್ಕೆ ಮಾತುಗಳು ಬೇಗ ಬೇಗ ಸಿಕ್ಕವು.

ಹೋಗಿ ನೋಡಿದರೆ ಅವ್ವ ಪಡಸಾಲೆಯಲ್ಲಿ ಕೆಂಪು ಬಾಳೆಹಣ್ಣು ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಹಸಿರು ತುಂಡುಗಳ ಗುಡ್ಡೆ. ಸುವರ್ಣಾ ಕಂಬ ಹಿಡಿದು ನಿಂತಿದ್ದಳು. ಅತ್ತು ಮುಖ ಊದಿತ್ತು.

"ನನಗ ಗೊತ್ತಿದ್ದಿಲ್ಲ ಅಕ್ಕಾ. ಕೂಟ ಮುಗಿದ ಮ್ಯಾಲ ಅತ್ತಿ ಹೇಳಿದ್ರು. ಮದ್ಲೇ ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರ ದಿನಾ ಮುಂಜಾನೆ ನನ್ನ ಮಾರಿ ನೋಡಿ, ಹೆಂಗದ ತಬ್ಬೇತು ಅಂತ ಕೇಳ್ತಿದ್ದಿ" ಎಂದಳು ಅವ್ವ.

"ಅವ್ವಾ, ನೀ ಆವಾಗ ಎಲ್ಲಿದ್ದಿ?" ಎಂದೆ.

"ಎಲ್ಲಿರ್ತೀನಿ? ಅಲ್ಲೇ, ಬಾಗಲದಾಗ. ಎಲ್ಲಾ ನೋಡಾಕತ್ತಿದ್ದೆ."

"ನೋಡ್ಕೋತ ಕೂತಿದ್ದ್ಯಾ? ಬ್ಯಾಡ ಅನ್ನಾಕ ಏನಾಗಿತ್ತು? ನಿನಗೇನು ಮೇಡಂ ಬಾಯಿ ಬಂದ್ ಮಾಡಿದ್ದಿಲ್ಲಲ್ಲ!"

ಅವ್ವ ಹಣ್ಣಿನ ಅರ್ಧ ನನ್ನ ಕೈಗಿಟ್ಟಳು. "ಅತ್ತಿ ಪ್ರೀತಿಲೆ ಕೊಟ್ಟಾಳ ಅಂತ ಅಷ್ಟ್ ಮಂದಿ ಮುಂದ ಅಂದ್ಲು. ನಡುವ ಹೋಗಿ, ನಾ ಕೊಟ್ಟಿಲ್ಲವಾ ಅನ್ಲೇನು? ಆಮ್ಯಾಲ ಆಕಿ ಮಾರಿ ಎಲ್ಲಿ ಇಟ್ಕೋಬೇಕು? ಸೀರಿ ನಾ ಒಂದು ದಿನ ಉಡೋದು. ಆಕಿ ಜೋಡಿ ದಿನಾ ಕೂತು ಉಣ್ಣಬೇಕು."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ನನ್ನ ಮಾತುಗಳೆಲ್ಲ ಬಾಳೆಹಣ್ಣಿನ ಜೊತೆ ಒಳಗೆ ಹೋದವು.

ಸುವರ್ಣಾ ಒಳಗೆ ಹೋಗಿ, ತೀರಿಹೋದ ತನ್ನ ಅಪ್ಪ ತವರಿನಿಂದ ಕೊಟ್ಟಿದ್ದ ಸೀರೆ ತಂದು ಅವ್ವನ ಮುಂದಿಟ್ಟಳು. "ಇದನ್ನ ಇಟ್ಕೋರಿ ಅತ್ತಿ."

ಅವ್ವ ಅದನ್ನು ಸವರಿ ನೋಡಿದಳು. "ಚಲೋ ಅದ. ಆದ್ರ ಇದನ್ನ ಉಟ್ಟು ಹೋದ್ರ ಅಲ್ಲಿ ನನ್ನ ನಿಮ್ಮಪ್ಪನ ಮನಿಗೆ ಕರಕೊಂಡು ಹೋಗ್ತಾರ. ನಿಮ್ಮಪ್ಪಗ ಮಾತು ಭಾಳ. ನನಗ ಆಗಂಗಿಲ್ಲವಾ."

ಸುವರ್ಣಾಳಿಗೆ ಅಳುವಿನ ನಡುವೆಯೇ ನಗು ಬಂತು. ಅವ್ವ ಹಸಿರು ತುಂಡುಗಳನ್ನು ಆಕೆಯ ಉಡಿಗೆ ಸುರಿದಳು. "ಇದನ್ನೇ ಕೌದಿ ಮಾಡು. ಅದನ್ನ ನನ್ನ ಮ್ಯಾಲ ಹೊಚ್ಚಿ ಕಳಸ್ರಿ. ತವರಿನ ಅರಿವಿ, ಉಟ್ರೇನು, ಹೊಚ್ಚಿದ್ರೇನು? ನಮ್ಮಣ್ಣ ಗುರ್ತು ಹಿಡೀತಾನ." ಹಣ್ಣಿನ ಸಿಪ್ಪೆ ಆಯುತ್ತ ಸೇರಿಸಿದಳು: "ಅವಸರ ಏನಿಲ್ಲ ಮತ್ತ."

ಮುಂದಿನ ತಿಂಗಳ ಕೂಟದಲ್ಲಿ ಎಲ್ಲರ ಪ್ರೋಗ್ರೆಸ್ ಭರದಿಂದ ಸಾಗಿತ್ತು. ಒಬ್ಬರು ಇಡೀ ಕೌದಿ ಮುಗಿಸಿ ಸೋಫಾಕ್ಕೆ ಹೊದಿಸಿದ್ದರು. ಸುವರ್ಣಾ ತೋರಿಸಿದಾಗ ಹಸಿರು ತುಂಡುಗಳ ಒಂದು ಮೂಲೆಯಷ್ಟೇ ಹೊಲಿಗೆ ಕಂಡಿತ್ತು. ಹೃದಯಗಳು ಹಾರಿದವು, ಆದರೂ ಮೇಡಂಗೆ ಸಮಾಧಾನವಾಗಲಿಲ್ಲ. "ಇಷ್ಟೇ ಏನ್ ಸುವರ್ಣಾ? ಇದರಾಗ ಭಾಳ ಚಂದ ಕಥಿ ಅದ. ಲಗೂ ಮುಗಸ್ರಿ, ನಾವೆಲ್ಲ ಕಾಯಾಕತ್ತೀವಿ!"

ಸುವರ್ಣಾಳ ಮುಖ ಬಿಳುಚಿತು. ಆಗ ಬಾಗಿಲ ಕಡೆಯಿಂದ ಅವ್ವನ ಕೈ ಪರದೆಯೊಳಗೆ ಬಂದು ಹೊಲಿಗೆಯ ಕೊನೆಯ ಸಾಲನ್ನು ಮುಟ್ಟಿತು.

"ಇದು ಸೊಟ್ಟ ಆಗ್ಯದ ನೋಡು. ಬಿಚ್ಚಿ ಹೊಲಿ."

ಆ ಸಾಲು ಗೆರೆ ಎಳೆದಂತೆ ನೆಟ್ಟಗಿತ್ತು. ಸುವರ್ಣಾ ಎರಡು ಮಾತಾಡದೆ ಬಿಚ್ಚಿದಳು.